ತಾಳ ತಪ್ಪದ ಏಟು

ಪರದೆಯ ಮೇಲಿನ ಮನುಷ್ಯರಿಗೆ ಮುಖವಿರಲಿಲ್ಲ. ತಲೆಗೆ ಒಂದು ಚುಕ್ಕೆ, ಬೆನ್ನಿಗೆ ಒಂದು ಗೆರೆ, ಕೈಕಾಲಿಗೆ ನಾಲ್ಕು ಗೆರೆ, ಅಷ್ಟೆ. ಅಂಥ ಒಬ್ಬ ಗೆರೆ ಮನುಷ್ಯ ಎರಡೂ ಕೈ ಮೇಲೆತ್ತಿ ಎದುರಿದ್ದವನ ತಲೆಯ ಚುಕ್ಕೆಯ ಮೇಲೆ ಇಳಿಸಿದ. ಎದುರಿದ್ದವ ಮೊಣಕಾಲೂರಿದ. ಕೈಗಳು ಮತ್ತೆ ಮೇಲೆದ್ದವು. ಪರದೆಯ ಮೂಲೆಯ ಅಂಕಿ ಎಂಬತ್ತು ದಾಟಿ ಕೆಂಪಾಯಿತು.

"ಸಲಿಕಿ ಇರಬೇಕ್ರಿ," ಎಂದರು ಪೊಲೀಸ್ ನಿಯಂತ್ರಣ ಕೊಠಡಿಯ ಎಎಸ್‌ಐ ನದಾಫ, ಬಾಯಲ್ಲಿದ್ದ ಚುರುಮುರಿ ನುಂಗಿ. "ಬರೇ ಬಡಿಗಿ ಆಗಿದ್ರ ಎರಡೂ ಕೈ ಹಚ್ಚತಿರ್ಲಿಲ್ಲ."

ಅವರು ಗುಂಡಿ ಒತ್ತಿದರು. ಗಾಡಿ ಹೊರಟಿತು. ಸಲಿಕೆಯೇ ಆಗಿತ್ತು. ಹೊಲದ ನೀರಿನ ಪಾಳಿಗಾಗಿ ತಮ್ಮನೊಬ್ಬ ತನ್ನ ಅಣ್ಣನನ್ನು ಅಡುಗೆಮನೆಯಲ್ಲಿ ಕೆಡವಿ ಬಡಿಯುತ್ತಿದ್ದ. ಪೊಲೀಸರು ಒಳಗೆ ನುಗ್ಗಿದಾಗ ಅಣ್ಣನ ಎಡಗಿವಿ ಅರ್ಧ ಹರಿದು ಜೋತಾಡುತ್ತಿತ್ತು. ತಲೆಬುರುಡೆ ಬಿರುಕು ಬಿಟ್ಟಿತ್ತು. ಆದರೆ ಉಸಿರಿತ್ತು. ಹಿಂದಿನ ಕಾಲವಾಗಿದ್ದರೆ ಇರುತ್ತಿರಲಿಲ್ಲ.

ಕಾಗಿನಗೇರಿಗೆ ಈ ಕಣ್ಣು ಬಂದದ್ದೇ ಒಂದು ಕೊಲೆಯಿಂದ. ಕೆಲವು ವರ್ಷಗಳ ಹಿಂದೆ ಬಾಗಿಲು ಹಾಕಿದ ಮನೆಯೊಂದರಲ್ಲಿ ಒಬ್ಬ ತನ್ನ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕುಡುಗೋಲಿನಿಂದ ಕೊಚ್ಚಿ ಅವರ ಪಕ್ಕದಲ್ಲೇ ಕೂತಿದ್ದ. ನೆರೆಯವರಿಗೆ ಕಿರುಚಾಟ ಕೇಳಿತ್ತು. ಗಂಡಹೆಂಡಿರ ಜಗಳವೆಂದು ಅವರು ಟಿವಿಯ ದನಿ ಏರಿಸಿದ್ದರು. ಆ ಮನೆಯ ಗೋಡೆಯ ಮೇಲಿದ್ದ ವೈ-ಫೈ ಪೆಟ್ಟಿಗೆಯ ಹಸಿರು ದೀಪ ಮಾತ್ರ ಅಷ್ಟೂ ಹೊತ್ತು ಉರಿಯುತ್ತಲೇ ಇತ್ತು.

ಆ ಪೆಟ್ಟಿಗೆ ನೋಡಬಲ್ಲದು ಎಂದು ವಿಜ್ಞಾನಿಗಳಿಗೆ ಆಗಲೇ ಗೊತ್ತಿತ್ತು. ವೈ-ಫೈ ತರಂಗಗಳು ಮನೆಯೆಲ್ಲ ಹರಡಿ ಗೋಡೆಗೆ, ಪಾತ್ರೆಗೆ, ಮನುಷ್ಯರ ಮೈಗೆ ಬಡಿದು ಹಿಂದಿರುಗುತ್ತವೆ. ಮೈ ಅಲುಗಿದರೆ ಆ ತರಂಗಗಳ ದಾರಿ ಕೂದಲೆಳೆಯಷ್ಟು ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂದು ತಿಳಿಯುತ್ತದೆ. ಎದೆಯ ಏರಿಳಿತದಿಂದ ಉಸಿರನ್ನೂ ಹಿಡಿಯಬಹುದು, ಮೈಕಟ್ಟಿನಿಂದ ಹೆಣ್ಣೋ ಗಂಡೋ ಎಂದೂ ಊಹಿಸಬಹುದು. ಕ್ಯಾಮೆರಾ ಬೇಡ, ಮೈಕು ಬೇಡ. ಸರ್ಕಾರ ಊರಿನ ಮನೆಮನೆಗೂ ಪುಕ್ಕಟೆ ವೈ-ಫೈ ಕೊಟ್ಟಿತು. ಬದಲಿಗೆ ಆ ಪೆಟ್ಟಿಗೆ ಮನೆಯೊಳಗಿನ ಪ್ರತಿ ಏಟಿಗೂ ಅಂಕ ಕೊಟ್ಟು ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು.

ಊರು ಅದಕ್ಕೆ ಹೊಂದಿಕೊಂಡಿತು. ತಾಯಂದಿರು ಹಟಮಾರಿ ಮಕ್ಕಳಿಗೆ "ಪೆಟ್ಟಿಗಿ ನೋಡಾಕತ್ತೈತಿ" ಎಂದು ಹೆದರಿಸಿದರು. ಮಹಾನವಮಿಯಲ್ಲಿ ಹೆಂಗಸರು ಪೆಟ್ಟಿಗೆಗೆ ಕುಂಕುಮ ಹಚ್ಚಿದರು. ಹಸಿರು ದೀಪವೆಂದರೆ ಕಣ್ಣು ತೆರೆದಿದೆ, ಕಿತ್ತಳೆ ದೀಪವೆಂದರೆ ಮುಚ್ಚಿದೆ ಎಂಬುದು ಎಲ್ಲರಿಗೂ ಬಾಯಿಪಾಠವಾಯಿತು. ಹಳೆಯ ದ್ವೇಷವಿದ್ದವರು ಒಬ್ಬರನ್ನೊಬ್ಬರು ಮಾತಾಡಿಸಿಕೊಂಡು ಹಳ್ಳದ ಆಚೆ ತರಂಗ ಮುಟ್ಟದ ಜಾಗಕ್ಕೆ ಕರೆದೊಯ್ಯತೊಡಗಿದರು. ಮನೆಯೊಳಗೆ ಹೆಣ ಬೀಳುವುದು ಕಡಿಮೆಯಾಯಿತು. ಹಳ್ಳದ ದಂಡೆಯಲ್ಲಿ ಬೀಳುವುದು ತುಸು ಹೆಚ್ಚಾಯಿತು.

ಈ ಪೆಟ್ಟಿಗೆಗಳ ಹೊಣೆ ನಿಯಂತ್ರಣ ಕೊಠಡಿಯ ಇಂಜಿನಿಯರ್ ಇಂದುಮತಿ ಗುಡಗೇರಿಯದು. ಪೆಟ್ಟಿಗೆಯ ಹೆಸರು, ಪಾಸ್‌ವರ್ಡ್ ಬದಲಿಸುವ ಪುಟ ಮನೆಯವರದು. ಅದರ ಹಿಂದೆ 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್' ಎಂಬ ಇನ್ನೊಂದು ಪುಟವಿತ್ತು. ತಿಳಿಯದೆ ಮುಟ್ಟಬೇಡಿ ಎಂಬ ಕೆಂಪು ಸಾಲು ಅದರ ತಲೆಯ ಮೇಲಿತ್ತು. ಪ್ರಸಾರದ ಶಕ್ತಿ ಎಷ್ಟಿರಬೇಕು, ತರಂಗದ ಪಟ್ಟೆ, ಅಂದರೆ ಬ್ಯಾಂಡ್, ಎಷ್ಟು ಅಗಲವಿರಬೇಕು, ಎಷ್ಟು ಜೋರಿನ ಏಟನ್ನು ಏಟೆನ್ನಬೇಕು, ಎಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತು. ಆ ಪುಟ ತೆರೆಯಬಲ್ಲವಳು ಊರಿಗೆ ಇಂದುಮತಿ ಒಬ್ಬಳೇ.

ಎರಡು ತೀರ್ಮಾನಗಳು ಅವಳವೇ ಆಗಿದ್ದವು. ಒಂದು, ಪಟ್ಟೆಯನ್ನು ಆದಷ್ಟು ಅಗಲ ಮಾಡಿದ್ದು. ಕಿರಿದಾದ ಪಟ್ಟೆಯಲ್ಲಿ ಮನೆಯೊಳಗೆ ಯಾರೋ ಇದ್ದಾರೆ ಎಂದಷ್ಟೇ ತಿಳಿಯುತ್ತದೆ, ಅಗಲದಲ್ಲಿ ಮುಷ್ಟಿ ಬಿಗಿದದ್ದೂ ತಿಳಿಯುತ್ತದೆ. ಆದರೆ ಅಗಲ ಪಟ್ಟೆ ರೇಡಾರ್‌ಗಳು ಬಳಸುವ ಜಾಗಕ್ಕೂ ಚಾಚುತ್ತದೆ. ಆದ್ದರಿಂದ ಪೆಟ್ಟಿಗೆ ಪ್ರತಿ ಸಲ ಹೊಸದಾಗಿ ಶುರುವಾಗುವಾಗ, ಹತ್ತಿರದಲ್ಲಿ ರೇಡಾರ್ ಇದೆಯೇ ಎಂದು ಒಂದು ನಿಮಿಷ ಬಾಯಿ ಮುಚ್ಚಿ ಆಲಿಸಬೇಕೆಂಬುದು ಕಾನೂನು. ಆ ಒಂದು ನಿಮಿಷ ಅದು ಕುರುಡು. ಎರಡನೆಯದು, ದೂರದಿಂದ ಯಾವ ಕಿಡಿಗೇಡಿಯೂ ಒಂದು ಮನೆಯ ಕಣ್ಣು ಕಟ್ಟಬಾರದೆಂದು, ಆ ಪುಟ ಅದೇ ಪೆಟ್ಟಿಗೆಯ ವೈ-ಫೈ ಸಿಗುವ ಜಾಗದಲ್ಲಿ ನಿಂತರೆ ಮಾತ್ರ ತೆರೆಯುವಂತೆ ಮಾಡಿದ್ದು.

ಎರಡೂ ಸರಿಯಾದ ತೀರ್ಮಾನಗಳೆಂದು ಎಲ್ಲರೂ ಹೊಗಳಿದ್ದರು.

ತಾಪತ್ರಯ ಬಂದದ್ದು ಗಿರಣಿ ಓಣಿಯಿಂದ. ಕಾಗಿನಗೇರಿ ಮೆಣಸಿನಕಾಯಿಯ ಊರು. ಆ ಓಣಿಯಲ್ಲಿ ಖಾರ ಕುಟ್ಟುವ ಗಿರಣಿಗಳು ಸಾಲಾಗಿವೆ. ಆಳೆತ್ತರದ ಕಬ್ಬಿಣದ ಒನಕೆಗಳು ಮೇಲೆದ್ದು ಒರಳಿಗೆ ಧಡ್ ಎಂದು ಬೀಳುತ್ತವೆ, ಮತ್ತೆ ಏಳುತ್ತವೆ. ಮನೆಗಳು ಗಿರಣಿಯ ಹಿಂದೆಯೇ, ನಡುವೆ ಒಂದೇ ಗೋಡೆ. ಪೆಟ್ಟಿಗೆಯ ಕಣ್ಣಿಗೆ ಅದು ಗೋಡೆಯಾಚೆ ಯಾರೋ ಯಾರನ್ನೋ ಬಿಡದೆ ಜಜ್ಜುತ್ತಿರುವಂತೆ ಕಂಡಿತು. ಪೊಲೀಸರು ಲಾಠಿ ಹಿಡಿದು ಬಾಗಿಲು ಒದ್ದು ಒಳನುಗ್ಗಿದರು. ಒಳಗೆ ಖಾರದ ಪುಡಿ ಮಂಜಿನಂತೆ ತೇಲುತ್ತಿತ್ತು. ಸೀನಿ ಸೀನಿ ಕಣ್ಣೀರು ಸುರಿಸುತ್ತ ಹೊರಬಂದರು. ಹೀಗೆ ಮತ್ತೆ ಮತ್ತೆ ಆದ ಮೇಲೆ ಗಾಡಿಯ ಪೇದೆಗಳು ಗಿರಣಿ ಓಣಿಯ ಹೆಸರು ಕೇಳಿದೊಡನೆ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಹೊರಡುತ್ತಿದ್ದರು. ಒಮ್ಮೆ ಬಾಗಿಲು ಒದೆಸಿಕೊಂಡ ಗಿರಣಿಯವನೊಬ್ಬ ಪೇದೆಯ ಮುಖಕ್ಕೆ ಹಸಿ ಖಾರ ಎರಚಿದ. ಪೇದೆಯ ಒಂದು ಕಣ್ಣು ಹೋಯಿತು. ಗಿರಣಿಯವನ ಮೂರು ಪಕ್ಕೆಲುಬು ಮುರಿದವು.

ಆಗ ಇಂದುಮತಿ ಲಯ ಶೋಧಕವನ್ನು ಬರೆದಳು. ಅವಳ ತರ್ಕ ಸರಳವಾಗಿತ್ತು. ಮನುಷ್ಯ ಹೊಡೆಯುವುದು ಸಿಟ್ಟಿನಿಂದ, ಸಿಟ್ಟಿಗೆ ತಾಳವಿರುವುದಿಲ್ಲ. ಒಂದು ಏಟು ಬೇಗ, ಒಂದು ತಡ, ನಡುವೆ ಬೈಗುಳ, ಏದುಸಿರು. ಗಿರಣಿಯ ಒನಕೆ ಹಾಗಲ್ಲ. ಆದ್ದರಿಂದ ಒಂದೇ ಅಂತರದಲ್ಲಿ ಬೀಳುವ ಏಟುಗಳಿಗೆಲ್ಲ ಸೊನ್ನೆ ಅಂಕ. ನಿಯಂತ್ರಣ ಕೊಠಡಿಯಲ್ಲಿದ್ದ ಹಳೆಯ ಹಲ್ಲೆಗಳ ಚಿತ್ರಗಳ ಮೇಲೆ ಅದನ್ನು ಓಡಿಸಿ ನೋಡಿದಳು. ಒಂದು ಹಲ್ಲೆಯೂ ತಪ್ಪಿಸಿಕೊಳ್ಳಲಿಲ್ಲ.

ಓಣಿಯವರ ಸಭೆ ನಡೆದದ್ದು ಅವಳ ಅಕ್ಕ ಕಸ್ತೂರಿಯ ಗಂಡ ಹಾಲೇಶನ ಗಿರಣಿಯಲ್ಲಿ. ಅವನು ಓಣಿಗೆ ದೊಡ್ಡ ಮನುಷ್ಯ. ಕುಡಿಯುವವನಲ್ಲ, ದನಿ ಏರಿಸುವವನಲ್ಲ. ಗಿರಣಿ ನಿಲ್ಲಿಸಿ ಕುರ್ಚಿ ಹಾಕಿಸಿ ಎಲ್ಲರಿಗೂ ಚಹಾ ಕೊಡಿಸಿದ್ದ. ಇಂದುಮತಿ ಶೋಧಕದ ಕೆಲಸವನ್ನು ಎಲ್ಲರಿಗೂ ತಿಳಿಯುವಂತೆ ವಿವರಿಸಿದಳು. ಜನರ ಮನೆಯೊಳಗೆ ಇಣುಕುವ ಯಂತ್ರದ ಬಗ್ಗೆ ಜನರಿಗೆ ಏನನ್ನೂ ಮುಚ್ಚಿಡಬಾರದು ಎಂಬುದು ಅವಳ ನಂಬಿಕೆ.

"ಅಂದ್ರ ತಾಳ ತಪ್ಪಿದ್ರ ಅಷ್ಟ ಎದ್ದು ಕುಂದರ್ತೈತಿ ಅನ್ನು," ಎಂದ ಹಾಲೇಶ.

"ಹೌದು ಮಾವಾ. ತಾಳ ಇದ್ರ ಅದಕ್ಕ ಅದು ಬರೇ ಒನಕಿ."

"ಎಷ್ಟು ಜೋರ ಬಿದ್ರೂನು?"

"ಎಷ್ಟು ಜೋರ ಬಿದ್ರೂ."

"ಶಾಣ್ಯಾಕಿ ಅದಾಳಪ ನಮ್ಮ ನಾದಿನಿ!" ಎಂದು ಅವನು ಜನರ ಕಡೆ ತಿರುಗಿದ. "ಚಪ್ಪಾಳಿ ಹೊಡೀರಿ ಎಲ್ಲಾರೂ." ಎಲ್ಲರೂ ಹೊಡೆದರು. ಹಾಲೇಶನ ಬೆರಳು ಕುರ್ಚಿಯ ಕೈಯ ಮೇಲೆ ಮೆಲ್ಲಗೆ ಟಕ್, ಟಕ್ ಎಂದು ಬಡಿಯುತ್ತಿತ್ತು.

ಶೋಧಕ ಓಣಿಯ ಎಲ್ಲ ಪೆಟ್ಟಿಗೆಗಳಿಗೂ ಬಂತು. ಸುಳ್ಳು ಎಚ್ಚರಿಕೆಗಳು ನಿಂತವು. ಪೇದೆಗಳ ದೂರುಗಳಿಂದ ರೋಸಿದ್ದ ಮೇಲಧಿಕಾರಿಗಳು ಇನ್ನೊಂದು ಆದೇಶ ಹೊರಡಿಸಿದರು: ಅಂಕ ಇಲ್ಲದೆ ಗಿರಣಿ ಓಣಿಗೆ ಗಾಡಿ ಬಿಡುವಂತಿಲ್ಲ.

ಆ ಸುಗ್ಗಿ ಮುಗಿಯುವ ಹೊತ್ತಿಗೆ ಇಂದುಮತಿ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದಳು. ಕಸ್ತೂರಿ ರೊಟ್ಟಿ ಬಡಿಯುತ್ತ ಎಡಗೈಯನ್ನೇ ಬಳಸುತ್ತಿದ್ದಳು. ಬಲ ಭುಜ ಬಾತಿತ್ತು.

"ಏನಾತು ಅಕ್ಕಾ?"

"ಮನಿ ಖರ್ಚಿಗೆ ಖಾರ ಕುಟ್ಟಾಕತ್ತಿದ್ದೆ. ಒನಕಿ ಜಾರಿ ಬಡೀತು."

"ಗಿರಣಿ ಇಟ್ಕೊಂಡು ಕೈಲೆ ಕುಟ್ಟತಿ?"

"ಕೈಲೆ ಕುಟ್ಟಿದ್ರ ರುಚಿ ಹೆಚ್ಚು," ಎಂದು ಉತ್ತರ ಕೊಟ್ಟವನು ಬಾಗಿಲಲ್ಲಿದ್ದ ಹಾಲೇಶ. "ನಿಮ್ಮ ಅಕ್ಕಗ ಹೇಳಿದ್ರ ಕೇಳಬೇಕಲ್ಲ? ಇನ್ನೊಂದು ರೊಟ್ಟಿ ಹಾಕ್ಕೊ ಇಂದೂ, ಕಡ್ಡಿ ಆಗೀದಿ." ಅವನೇ ಬಾಗಿ ಅವಳ ತಾಟಿಗೆ ಬೆಣ್ಣೆ ಹಾಕಿದ. ಇಂದುಮತಿ ಊಟ ಮಾಡಿದಳು. ಗೋಡೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಅದು ಉರಿಯುತ್ತಿರುವಾಗ ಈ ಮನೆಯಲ್ಲಿ ಅನುಮಾನ ಪಡುವಂಥದ್ದು ಏನೂ ಅವಳಿಗೆ ಹೊಳೆಯಲಿಲ್ಲ.

ಹೊಳೆದದ್ದು ಒಂದು ಅಮಾವಾಸ್ಯೆಯ ಮಧ್ಯಾಹ್ನ.

ಅಮಾವಾಸ್ಯೆಯಂದು ಗಿರಣಿ ಓಣಿಯಲ್ಲಿ ಒಂದೂ ಒನಕೆ ಏಳುವುದಿಲ್ಲ. ಯಂತ್ರ ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಬಾಗಿಲು ಎಳೆಯುತ್ತಾರೆ. ಆ ದಿನ ಲಯ ಶೋಧಕಕ್ಕೂ ರಜೆ ಇರಬೇಕು. ಇಂದುಮತಿ ಪರದೆಯಲ್ಲಿ ಓಣಿಯ ಮೇಲೆ ಕಣ್ಣಾಡಿಸುತ್ತಿದ್ದಾಗ ಒಂದು ಮನೆಯ ಶೋಧಕ ಮಾತ್ರ ಏಟುಗಳನ್ನು ಹಿಡಿದು ಹಿಡಿದು ಸೊನ್ನೆಯ ಬುಟ್ಟಿಗೆ ಹಾಕುತ್ತಿತ್ತು.

"ಇದೇನೋ ಕೆಟ್ಟೈತಿ," ಎಂದುಕೊಂಡು ಅವಳು ಶೋಧಿಸುವ ಮೊದಲಿನ ಚಿತ್ರವನ್ನು ತೆರೆದಳು.

ಒಬ್ಬ ಗೆರೆ ಮನುಷ್ಯ ನಿಂತಿದ್ದ. ಇನ್ನೊಬ್ಬರು ಗೋಡೆಗೆ ಮುಖ ಮಾಡಿ ಮೊಣಕಾಲ ಮೇಲೆ ಕೂತಿದ್ದರು. ನಿಂತವನ ಕೈ ಮೇಲೆದ್ದಿತು, ಇಳಿಯಿತು. ಮೇಲೆದ್ದಿತು, ಇಳಿಯಿತು. ಗಡಿಯಾರದ ಲೋಲಕದಂತೆ, ಅವಸರವಿಲ್ಲದೆ, ದಣಿವಿಲ್ಲದೆ. ಕೂತವರು ಕೈ ಅಡ್ಡ ತರಲಿಲ್ಲ, ಬಾಗಲಿಲ್ಲ, ಸರಿಯಲಿಲ್ಲ. ಏಟು ಬಿದ್ದಾಗ ಬೆನ್ನಿನ ಗೆರೆ ಒಮ್ಮೆ ಅದುರಿ, ಮುಂದಿನ ಏಟಿಗೆ ಸರಿಯಾಗಿ ನೆಟ್ಟಗಾಗುತ್ತಿತ್ತು. ಪರದೆಯ ಮೂಲೆಯಲ್ಲಿ ಸೊನ್ನೆ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು.

ಮನೆ ಯಾವುದೆಂದು ನೋಡಬೇಕಾಗಿರಲಿಲ್ಲ. ಆ ಬೆನ್ನಿನ ಹಿಂದೆ ಕೂತು ಚಿಕ್ಕವಳಿದ್ದಾಗ ಜಡೆ ಹೆಣೆಯುವ ಆಟ ಆಡಿದವಳು ಅವಳು. ಆದರೂ ನೋಡಿದಳು. ಹಾಲೇಶನ ಮನೆ.

"ನದಾಫ್ ಸಾಹೇಬ್ರ, ಗಾಡಿ ಕಳಿಸ್ರಿ. ಈಗಿಂದೀಗ."

ನದಾಫರು ಪರದೆ ನೋಡಿದರು, ಅಂಕಿ ನೋಡಿದರು. "ಯಾ ಅಲ್ಲಾ," ಎಂದರು. ಆಮೇಲೆ ದನಿ ತಗ್ಗಿಸಿ, "ಅಂಕ ಸೊನ್ನಿ ಐತ್ರಿ ಮೇಡಂ. ಈ ಯಂತ್ರ ಅಂಕ ಇಲ್ದ ಗಾಡಿ ಬಾಗಲಾನ ತೆಗಿಯಂಗಿಲ್ಲ, ಆ ಆದೇಶ ನಿಮಗೂ ಗೊತ್ತೈತಿ. ಸ್ಟೇಷನ್ನಿಗೆ ಫೋನ್ ಮಾಡ್ತೀನಿ. ಗಿರಣಿ ಓಣಿ ಅಂದ್ರ ಅವರು ನಗತಾರ. ಆದ್ರೂ ಮಾಡ್ತೀನಿ."

ಸ್ಟೇಷನ್ನಿನವರು ನಕ್ಕರು. ಇಂದುಮತಿ ಅಷ್ಟರಲ್ಲಿ ಸ್ಕೂಟರ್ ಏರಿದ್ದಳು. ಅಕ್ಕನ ಮನೆಯಲ್ಲೇ ನಿಂತು ಶೋಧಕವನ್ನು ತೆಗೆದುಹಾಕಬೇಕು. ತೆಗೆದರೆ ಮುಂದಿನ ಏಟಿಗೆ ಅಂಕ ಬರುತ್ತದೆ, ಅಂಕ ಬಂದರೆ ಗಾಡಿ ಬರುತ್ತದೆ. ಅವಳಿಗೆ ಗೊತ್ತಿದ್ದ ದಾರಿ ಅದೊಂದೇ.

ಗಿರಣಿ ಓಣಿ ಸ್ತಬ್ಧವಾಗಿತ್ತು. ಹಾಲೇಶ ಜಗಲಿಯ ಮೇಲೆ ಕೂತಿದ್ದ, ಹಣೆಯ ತುಂಬ ವಿಭೂತಿ, ಮೈಮೇಲೆ ಒಗೆದ ಬಿಳಿ ಅಂಗಿ. ಅವನ ಉಸಿರು ಕೂಡ ಏರಿರಲಿಲ್ಲ.

"ಬಾ ಬಾ ಇಂದೂ! ಹೋಳಿಗಿ ವಾಸ್ನಿ ಕಚೇರಿ ತನಾ ಬಂತೇನು?"

"ಹೌದು ಮಾವಾ," ಎಂದಳು. ತನ್ನ ದನಿ ಸರಿಯಾಗಿ ಹೊರಟಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ನೇರ ಅಡುಗೆಮನೆಗೆ ನಡೆದಳು.

ಕಸ್ತೂರಿ ಒಲೆಯ ಮುಂದೆ ನಿಂತು ಹೋಳಿಗೆ ತಿರುವುತ್ತಿದ್ದಳು.

"ಅಕ್ಕಾ, ಬೆನ್ನು ತೋರ್ಸು."

"ತಡೀವಾ, ಹೊತ್ತತಾವು."

"ತೋರ್ಸು ಅಂದೆ."

ಕಸ್ತೂರಿ ತಿರುಗಲಿಲ್ಲ. ಇಂದುಮತಿಯೇ ಸೆರಗು ಸರಿಸಿದಳು. ಕುಪ್ಪಸ ಬೆನ್ನಿಗೆ ಅಂಟಿತ್ತು. ಕೊರಳಿನಿಂದ ಸೊಂಟದವರೆಗೆ ಬಾಸುಂಡೆಗಳು ಒಂದರ ಕೆಳಗೊಂದು, ಒಂದೇ ಅಳತೆಯಲ್ಲಿ, ಕೂರಿಗೆಯಿಂದ ಬಿತ್ತಿದ ಸಾಲುಗಳಂತಿದ್ದವು. ಹಳೆಯ ಸಾಲು ಹಸಿರುಗಟ್ಟಿತ್ತು. ಹೊಸ ಸಾಲು ರಕ್ತ ಒಸರುತ್ತಿತ್ತು.

"ಎಂದಿನಿಂದ?"

"ಮೊದಲ ಸಿಟ್ಟು ಬಂದಾಗ ಒಂದೊಂದು ಬಿಡತಿದ್ದ. ಪೆಟ್ಟಿಗಿ ಬಂದ ಮ್ಯಾಲೆ ಅದೂ ನಿಂತಿತ್ತು. ಆರಾಮಿದ್ದೆ ನಾ." ಕಸ್ತೂರಿ ಹೋಳಿಗೆ ತೆಗೆದು ತಾಟಿಗೆ ಹಾಕಿದಳು. "ನೀ ಗಿರಣ್ಯಾಗ ಎಲ್ಲಾ ತಿಳಿಸಿ ಹೇಳಿದ್ಯಲ್ಲ, ಆಮ್ಯಾಲೆ ಕಲತ. ಮಷಿನ್ ಪಟ್ಟಾ ಕತ್ತರಿಸಿ ಇಟಕೊಂಡಾನ. ಮೊದಮೊದಲು ತಾಳ ತಪ್ಪತಿತ್ತು, ಹೆದರಿ ಬಿಟ್ಟಬಿಡತಿದ್ದ. ಈಗ ತಪ್ಪಂಗಿಲ್ಲ. ಸಿಟ್ಟೂ ಬರಂಗಿಲ್ಲ ಅಂವಗ. ಉಂಡು, ಕೈ ತೊಳಕೊಂಡು, ಬಾ ಅಂತಾನ. ನಾ ಒದ್ದಾಡಿದ್ರ ತಾಳ ಕೆಡತೈತಿ, ಮತ್ತ ಮೊದಲಿಂದ ಹಿಡೀತಾನ. ಅದಕ್ಕ ಅಲಗಂಗಿಲ್ಲ."

"ನನಗ್ಯಾಕ ಹೇಳ್ಲಿಲ್ಲ?"

"ಊರಿಗೆಲ್ಲಾ ಗಾಡಿ ಬರತಿತ್ತು. ನಮ್ಮನಿಗೆ ಬರ್ಲಿಲ್ಲ." ಕಸ್ತೂರಿ ಈಗ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. "ನನ್ನ ತಂಗಿ ಪೆಟ್ಟಿಗೀನ ಇದು ಹೊಡತ ಅಲ್ಲ ಅಂತೈತಿ. ಇನ್ನ ಯಾರಿಗೆ ಹೇಳ್ಲಿ?"

ಇಂದುಮತಿ ಮೊಬೈಲ್ ತೆಗೆದಳು. ಕೆಂಪು ಸಾಲಿನ ಪುಟ ತೆರೆಯಿತು. ಲಯ ಶೋಧಕದ ಮುಂದಿನ ಗುರುತು ತೆಗೆದಳು. 'ಉಳಿಸಿ' ಎಂಬುದರ ಮೇಲೆ ಒತ್ತಿದಳು. ಪೆಟ್ಟಿಗೆ ಹೊಸದಾಗಿ ಶುರುವಾಗಲಿದೆ ಎಂಬ ಸಾಲು ಮೂಡಿದಾಗಲೇ ಅವಳಿಗೆ ತಾನು ಮರೆತದ್ದು ನೆನಪಾದದ್ದು.

ಹಸಿರು ದೀಪ ಆರಿತು. ಕಿತ್ತಳೆ ದೀಪ ಹತ್ತಿತು.

ಬಾಗಿಲಲ್ಲಿ ಹಾಲೇಶ ನಿಂತಿದ್ದ. ಅವನ ಕಣ್ಣು ಇಬ್ಬರ ಮೇಲೂ ಇರಲಿಲ್ಲ, ಗೋಡೆಯ ಮೇಲಿತ್ತು. ಅವನ ಮುಖ ನಿಧಾನವಾಗಿ ಬಿಚ್ಚಿಕೊಂಡಿತು, ಬಹಳ ಕಾಲ ಬಿಗಿಯಾಗಿದ್ದ ಅಂಗಿಯ ಗುಂಡಿ ತೆಗೆದವನ ಹಾಗೆ.

"ಕಣ್ಣು ಮುಚ್ಚಿಸಿದ್ಯಾ? ನೀನಾ?" ಎಂದ. "ಭಾಳ ಉಪಕಾರ ಆತವಾ ತಂಗಿ."

ಮೊದಲ ಏಟು ಇಂದುಮತಿಯ ಮುಖಕ್ಕೆ ಬಿತ್ತು. ಯಂತ್ರದ ಪಟ್ಟಾ ಬೆರಳಗಲ ದಪ್ಪ, ಒಳಗೆ ದಾರದ ನೇಯ್ಗೆ. ಕೆನ್ನೆ ಸೀಳಿತು. ಎರಡನೆಯದಕ್ಕೆ ಅಡ್ಡ ಬಂದ ಮುಂಗೈ ಲಟಕ್ಕೆಂದಿತು. ಮೊಬೈಲ್ ಒಲೆಯ ಕೆಳಗೆ ಜಾರಿತು. ಅವಳು ಬಿದ್ದಳು. ಅವನು ಪಟ್ಟಾ ಬಿಟ್ಟು ಕಾಲು ಬಳಸಿದ. ಪಕ್ಕೆಗೆ, ಹೊಟ್ಟೆಗೆ, ಮತ್ತೆ ಪಕ್ಕೆಗೆ. ಈಗ ತಾಳವಿರಲಿಲ್ಲ. ತಿಂಗಳುಗಟ್ಟಲೆ ಅಳತೆಯಲ್ಲಿಟ್ಟಿದ್ದೆಲ್ಲ ಒಮ್ಮೆಲೇ ಕಟ್ಟೆಯೊಡೆದಿತ್ತು. ಅವನು ಬೈಯುತ್ತಿದ್ದ, ಉಗುಳುತ್ತಿದ್ದ, ನಡುವೆ ನಗುತ್ತಿದ್ದ. ಅವಳ ಕೂದಲು ಹಿಡಿದು ತಲೆಯನ್ನು ಕಟ್ಟೆಯ ಅಂಚಿಗೆ ಬಡಿದ. ಅವಳ ಬಾಯಲ್ಲಿ ಹಲ್ಲೊಂದು ಸಡಿಲಾಗಿ ರಕ್ತದ ಜೊತೆ ಗಂಟಲಿಗೆ ಇಳಿಯಿತು. ಮುಚ್ಚುತ್ತಿದ್ದ ಕಣ್ಣಿಗೆ ಗೋಡೆಯ ಕಿತ್ತಳೆ ಬೆಳಕು ಕಂಡಿತು. ಪೆಟ್ಟಿಗೆ ರೇಡಾರ್‌ಗಾಗಿ ಕಿವಿಗೊಟ್ಟು ಸುಮ್ಮನಿತ್ತು. ಕಾನೂನಿನ ನಿಮಿಷ ಇನ್ನೂ ಮುಗಿದಿರಲಿಲ್ಲ.

ಅವನು ಮತ್ತೆ ಅವಳ ಕೂದಲು ಎತ್ತಿ ಹಿಡಿದ. ಆಗ ಹಿಂದಿನಿಂದ ಏನೋ ಬಡಿದ ಸದ್ದು. ಅವನ ಮೊಣಕಾಲು ಅದು ಬಾಗಬಾರದ ಕಡೆಗೆ ಬಾಗಿತು.

ಕಸ್ತೂರಿಯ ಕೈಯಲ್ಲಿ ಮನೆಯ ಒನಕೆಯಿತ್ತು, ತುದಿಗೆ ಕಬ್ಬಿಣದ ಬಳೆಯಿದ್ದದ್ದು. ಅವನು ಆಶ್ಚರ್ಯದಿಂದ ಅವಳತ್ತ ನೋಡಿದ. "ಕಸ್ತೂರಿ," ಎಂದ, ಕರೆದು ಕೂರಿಸುವ ಅದೇ ದನಿಯಲ್ಲಿ. ಅವಳು ಎರಡೂ ಕೈಯಿಂದ ಒನಕೆ ಎತ್ತಿ ಅವನ ಹೆಗಲಿಗೆ ಇಳಿಸಿದಳು. ಎಲುಬು ಮುರಿದ ಸದ್ದು ಕೇಳಿತು. ಅವನು ಕೈಯೂರಿದ, ಆ ಕೈಗೆ ಹೊಡೆದಳು. ತುಸು ನಿಂತು ಉಸಿರೆಳೆದು ತಲೆಗೆ ಹೊಡೆದಳು. ಮತ್ತೆ ಹೊಡೆದಳು. ಒಂದು ಬೇಗ, ಒಂದು ತಡ.

ಗೋಡೆಯ ಮೇಲೆ ಹಸಿರು ದೀಪ ಹತ್ತಿತು.

"ಅಕ್ಕಾ ಸಾಕು! ಅಕ್ಕಾ!"

ಇನ್ನೊಂದು ಬಿದ್ದ ಮೇಲೆ ಒನಕೆ ನಿಂತಿತು. ಹಾಲೇಶ ಮಗ್ಗುಲಾಗಿ ಬಿದ್ದಿದ್ದ. ಬಿಳಿ ಅಂಗಿ ಕೊರಳಿನಿಂದ ಕೆಂಪಾಗುತ್ತ ಇಳಿಯುತ್ತಿತ್ತು. ಹಣೆಯ ವಿಭೂತಿ ರಕ್ತದಲ್ಲಿ ಕಲಸಿಹೋಗಿತ್ತು. ಒಲೆಯ ಕೆಳಗೆ ಮೊಬೈಲ್ ಗುರುಗುಟ್ಟಿತು. ಇಂದುಮತಿ ತೆವಳಿ, ಮುರಿಯದ ಕೈಯಿಂದ ಎಳೆದುಕೊಂಡಳು. ನದಾಫರು.

"ಮೇಡಂ, ಅಂಕ ಬಂತ್ರಿ. ತೊಂಬತ್ತು ದಾಟೇತಿ. ಆದ್ರ... ಹೊಡ್ಯಾಕಿ ಹೆಣ್ಮಗಳು ಅಂತ ತೋರಸ್ತೈತಿ. ಬಿದ್ದಾಂವ ಗಂಡಸು. ಅದರ ಹಿಂದಿಂದು ಏನೂ ಇಲ್ರಿ, ಪೆಟ್ಟಿಗಿ ಬಂದ್ ಆಗಿತ್ತು."

ಇಂದುಮತಿಗೆ ಎಲ್ಲ ಒಮ್ಮೆಲೇ ಅರ್ಥವಾಯಿತು. ಈ ಮನೆಯ ಗೋಡೆ ಇಷ್ಟು ದಿನ ನೋಡಿದ ಏಟುಗಳಿಗೆಲ್ಲ ಸೊನ್ನೆ ಬಿದ್ದಿತ್ತು, ಕೋರ್ಟಿಗೆ ಸೊನ್ನೆ ಸಾಕ್ಷಿಯಲ್ಲ. ಅಂಕ ಬಿದ್ದಿದ್ದು ಅಕ್ಕನ ಒನಕೆಗೆ ಮಾತ್ರ. ಅದಕ್ಕೆ ಮುಂಚೆ ಪೆಟ್ಟಿಗೆಯ ಕಣ್ಣು ಕಟ್ಟಿದವಳು ಅವಳ ತಂಗಿ.

"ಅಂವಂದು ಉಸಿರು ಐತ್ರಿ," ಎಂದರು ನದಾಫರು. "ಸಣ್ಣಗೈತಿ. ತಡ ಆದ್ರ ನಿಲ್ಲತೈತಿ." ಈಗ ದನಿ ಪಿಸುಮಾತಾಯಿತು. "ಗಿರಣಿ ಓಣಿ ಅಲ್ರಿ ಮೇಡಂ ಅದು? ಖಾರ ಕುಟ್ಟಾಕತ್ತಿರಬೇಕು. ನೀವು ಸುಳ್ಳು ಎಚ್ಚರಿಕಿ ಅಂತ ಒಂದ್ ಮಾತು ಹೇಳಿದ್ರ ನಾ ಹಂಗ ಹಾಕಿಬಿಡ್ತೀನಿ. ಗಾಡಿ ಬರಂಗಿಲ್ಲ. ಯಾರೂ ಕೇಳಂಗಿಲ್ಲ."

ಓಣಿಯ ಎಷ್ಟೋ ಎಚ್ಚರಿಕೆಗಳ ಮೇಲೆ ಇಂದುಮತಿ ಹಾಗೆ ಬರೆದಿದ್ದಳು. ಖಾರ ಕುಟ್ಟುವುದು. ಸುಳ್ಳು. ಮುಚ್ಚಿದೆ. ಇನ್ನೊಮ್ಮೆ ಹೇಳಿದರೆ ಸಾಕು, ಕೆಳಗೆ ಬಿದ್ದವನ ಎದೆ ತಾನಾಗಿ ನಿಲ್ಲುತ್ತಿತ್ತು. ಅವನು ಹೊಡೆದ ಏಟುಗಳ ಲೆಕ್ಕಕ್ಕೆ ಅದು ಹೆಚ್ಚೇನೂ ಅಲ್ಲವೆಂದು ಅವಳಿಗೆ ಅನ್ನಿಸಿತು. ಅವಳು ಅಕ್ಕನ ಮುಖ ನೋಡಿದಳು.

ಕಸ್ತೂರಿಗೆ ನದಾಫರ ಮಾತು ಕೇಳಿಸಿತ್ತು. ಅವಳು ಒನಕೆಯನ್ನು ಅದರ ಮೂಲೆಗೆ ಆನಿಸಿಟ್ಟಳು. ಒಲೆ ಆರಿಸಿದಳು. ಗೂಟದ ಮೇಲಿದ್ದ ಟವೆಲ್ ತೆಗೆದು, ಗಂಡನ ಪಕ್ಕ ಕೂತು, ಅವನ ತಲೆಯ ಗಾಯಕ್ಕೆ ಒತ್ತಿ ಹಿಡಿದಳು.

"ಬರಾಕ ಹೇಳು," ಎಂದಳು.

"ಅಕ್ಕಾ, ನಿನ್ನನ್ನ ಒಳಗ ಹಾಕತಾರ. ಪೆಟ್ಟಿಗಿ ನಿನ್ನ ಕಡೇನ ಬೆರಳು ತೋರಸಾಕತ್ತೈತಿ."

"ತೋರಸ್ಲಿ. ಅಂವ ಸಾಯಬಾರದು. ಸತ್ರ ಒಳ್ಳೇ ಮನಶ್ಯಾ ಇದ್ದ ಅಂತಾರ, ನನ್ನ ಮಾತು ಅಲ್ಲಿಗೇ ಮುಗೀತು. ಇಂವ ಎದುರಿಗೆ ನಿಂದ್ರಬೇಕು, ನಾ ಬೆನ್ನು ತೋರಸಬೇಕು." ಟವೆಲ್ ನೆನೆದಿತ್ತು; ಅವಳು ಮಡಿಚಿ ಮತ್ತೆ ಒತ್ತಿದಳು. "ಎಲ್ಲಾರ ಮನಿ ಮುಂದೂ ನಿಂತೈತಿ ಆ ಗಾಡಿ. ಒಂದ್ ಸಲ ನಮ್ಮನಿ ಮುಂದ ನಿಂದ್ರಲಿ."

ಇಂದುಮತಿ ಮೊಬೈಲನ್ನು ಬಾಯಿಗೆ ಹಿಡಿದಳು. ತುಟಿ ಬಾತು ಅಕ್ಷರಗಳು ಸರಿಯಾಗಿ ಹೊರಡಲಿಲ್ಲ. "ಸುಳ್ಳಲ್ಲ ಸಾಹೇಬ್ರ. ಖರೇನ ಐತಿ. ಗಾಡಿ ಕಳಿಸ್ರಿ, ಅಂಬ್ಯುಲೆನ್ಸೂ ಕಳಿಸ್ರಿ."

"ಹೊಡದಾಕಿ ಹೆಸರು ಏನಂತ ಬರೀಲಿ?"

"ಕಸ್ತೂರಿ ಅಂತ ಬರೀರಿ. ಪೆಟ್ಟಿಗಿ ಬಂದ್ ಮಾಡ್ದಾಕಿ ಇಂದುಮತಿ ಅಂತ ಬರೀರಿ. ಸೊನ್ನಿ ಹಾಕಿದ್ದೂ ನಾನ. ಆ ಸೊನ್ನಿ ಚಿತ್ರ ಒಂದೂ ಅಳಿಸಬ್ಯಾಡ್ರಿ."

"ಅಳಸಂಗಿಲ್ರಿ," ಎಂದರು ನದಾಫರು. ಫೋನು ಇಟ್ಟ ಸದ್ದಿಗೆ ಮುಂಚೆ ಅವರು ಗುಂಡಿ ಒತ್ತಿದ ಸದ್ದು ಕೇಳಿಸಿತು.

ಗಿರಣಿ ಓಣಿಯಲ್ಲಿ ಆ ದಿನ ಒನಕೆಗಳ ಸದ್ದಿರಲಿಲ್ಲವಾದ್ದರಿಂದ ಸೈರನ್ ಬಹು ದೂರದಿಂದಲೇ ಕೇಳಿತು. ಜನ ಬಾಗಿಲು ತೆರೆದು ನೋಡಿದರು. ಗಾಡಿ ಯಾವ ಮನೆಯನ್ನೂ ಕೇಳದೆ ನೇರ ಬಂದು ಹಾಲೇಶನ ಜಗಲಿಯ ಮುಂದೆ ನಿಂತಿತು. ಇಳಿದ ಇಬ್ಬರು ಪೇದೆಗಳು ರೂಢಿಯಂತೆ ಮೂಗಿಗೆ ಕರ್ಚೀಫು ಬಿಗಿದುಕೊಂಡಿದ್ದರು. ಸೀನಲು ಸಿದ್ಧರಾಗಿಯೇ ಅಡುಗೆಮನೆಯ ಹೊಸ್ತಿಲು ದಾಟಿದರು.

ಒಳಗೆ ಖಾರದ ಘಾಟಿರಲಿಲ್ಲ. ಕಸ್ತೂರಿ ಟವೆಲ್ ಒತ್ತಿ ಹಿಡಿದೇ ಅವರ ಕಡೆ ಬೆನ್ನು ತಿರುಗಿಸಿದಳು.

ಮುಂದಿದ್ದ ಪೇದೆ ಅದನ್ನು ನೋಡಿದ. ಅವನ ಕೈ ತಾನಾಗಿ ಮೇಲೆದ್ದು ಮೂಗಿನ ಕರ್ಚೀಫನ್ನು ಬಿಚ್ಚಿತು.